ಹೊಸಬೆಂಗ್ರೆಯ ಸೊನ್ನೆ

ಕದ್ರಿಗುಡ್ಡ ಬಂದರು
ಕಡಲೇರಿದ ಶಕೆ ತೊಂಬತ್ತೊಂದು, ಎರಡನೇ ಆಷಾಢ, ಮೂವತ್ತೆಂಟನೆಯ ದಿನ

ಕುಸುಮಾವತಿ ಅಜ್ಜಿಗೆ ವಾರಿಜೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಕಡಲು ಊರೊಳಗೆ ಬಂದು ಮತ್ತೆ ಹೊರಗೆ ಹೋಗದೆ ಉಳಿದ ವರ್ಷದಿಂದ ನಾವು ಶಕೆ ಎಣಿಸುತ್ತೇವೆ. ಮಳೆಗಾಲ ಹಳೆಯ ಪಂಚಾಂಗದಲ್ಲಿ ಹಿಡಿಸದಷ್ಟು ಉದ್ದವಾದ ಮೇಲೆ ಆಷಾಢವನ್ನು ಹಿಗ್ಗಿಸಿ ಎರಡು ಮಾಡಿದ್ದಾರೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಿಮ್ಮ ಕಾಲದ ಬರಹಗಳನ್ನು ಮುಂದಿಟ್ಟುಕೊಂಡು ಅದೇ ಧಾಟಿಯಲ್ಲಿ ಬರೆಯಲು ಹೆಣಗುತ್ತಿದ್ದೇನೆ. ನಿಮ್ಮನ್ನು ಅಜ್ಜಿ ಎನ್ನುವುದಕ್ಕೂ ಮುಜುಗರವೇ. ನಿಮಗೀಗ ನಲವತ್ತರ ಆಸುಪಾಸು, ಮೆಟ್ಟಿಲನ್ನು ಓಡಿಕೊಂಡು ಹತ್ತುತ್ತಿದ್ದೀರಿ. ನನಗೆ ಅರವತ್ತು ದಾಟಿ ಮಂಡಿ ಹಿಡಿದುಕೊಂಡಿದೆ. ಆದರೆ ತಾಯಿಯ ಕಡೆಯಿಂದ ಎಣಿಸುವ ಮನೆ ನಮ್ಮದು, ಆ ಎಣಿಕೆಯಲ್ಲಿ ನನ್ನ ಅಜ್ಜಿಯ ಅಜ್ಜಿ ನೀವು. ಆದ್ದರಿಂದ ಹಾಗೇ ಕರೆಯುತ್ತೇನೆ.

ಇಂಥ ಪತ್ರಕ್ಕೆ ನಮ್ಮಲ್ಲಿ ಹಿಂದೋಲೆ ಎಂದು ಹೆಸರು. ತಪ್ಪಿಸಬಹುದಾಗಿದ್ದ ಸಾವೊಂದು ಮನೆಯಲ್ಲಿ ಆದರೆ, ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರು ಹೊರಟ ಮೇಲೆ, ಅದನ್ನು ತಪ್ಪಿಸಬಹುದಾಗಿದ್ದ ಹಿರಿಯರೊಬ್ಬರಿಗೆ ಮನೆಯವರು ಪತ್ರ ಬರೆಯುತ್ತಾರೆ. ಬರೆದದ್ದನ್ನು ಮೇಣ ಹಚ್ಚಿದ ಬಿದಿರಿನ ಕೊಳವೆಯಲ್ಲಿಟ್ಟು, ಹಳೆಯ ಮಂಗಳೂರು ಮುಳುಗಿರುವ ಕಡೆ ನೀರಿಗೆ ಬಿಡುತ್ತಾರೆ. ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ಈ ಪದ್ಧತಿಯನ್ನು ಕಂಡು ಮೂಗು ಮುರಿಯುತ್ತಿದ್ದವಳು. ಈಗ ನಾನೇ ಬರೆಯಲು ಕುಳಿತಿದ್ದೇನೆ. ನನ್ನ ಒಬ್ಬಳೇ ಮಗಳು ಸುಗಂಧಿ ಹೊಸಬೆಂಗ್ರೆ ದ್ವೀಪದಲ್ಲಿ ಮಲೇರಿಯಾದಿಂದ ತೀರಿಕೊಂಡಳು. ಈ ಪತ್ರ ಮುಗಿಸಿ ಅವಳ ದನಿಯನ್ನು ನಾನೇ ಅಳಿಸಬೇಕಾಗಿದೆ, ಕೈ ಬರುತ್ತಿಲ್ಲ. ಯಾಕೆ ಅಳಿಸಬೇಕು ಎನ್ನುವುದನ್ನು ಮೊದಲಿನಿಂದ ಹೇಳಿದರೇ ನಿಮಗೆ ತಿಳಿಯುತ್ತದೆ.

ನಿಮ್ಮ ಕೆಲಸವೇ ನನ್ನ ಕೆಲಸ. ಹನ್ನೊಂದು ಕರಾವಳಿಗಳ ಜ್ವರಗಾವಲಿಗೆ ನಾನು ಹಿರಿಯಳು. ನಿಮ್ಮ ಕಾಲದಲ್ಲಿ ಇದಕ್ಕೆ ಸರ್ವೇಕ್ಷಣೆ ಎನ್ನುತ್ತಿದ್ದರಂತೆ. ಆಫ್ರಿಕಾದ ಲಾಮುವಿನಿಂದ ನಮ್ಮ ಕರಾವಳಿಯನ್ನು ಹಾದು ಸಿಂಹಳದ ಆಚೆಯವರೆಗೆ, ದೋಣಿ ಹೋಗುವ ಕಡೆಯಲ್ಲೆಲ್ಲ ಕಂಬಗಳ ಮೇಲೆ ನಿಂತ ಕಾವಲುಮನೆಗಳಿವೆ. ಒಂದೊಂದರಲ್ಲೂ ರಕ್ತ ಓದುವವರು ಒಬ್ಬರಿರುತ್ತಾರೆ. ಮೈ ಬಿಸಿಯಾದವರು, ಹೊರಗಿನಿಂದ ದೋಣಿ ಇಳಿದವರು, ಯಾರೇ ಆಗಲಿ ಮೊದಲು ಅಲ್ಲಿಗೆ ಹೋಗಿ ಬೆರಳು ಚುಚ್ಚಿಸಿಕೊಳ್ಳಬೇಕು. ಒಂದು ಹನಿಯನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಈ ಕ್ರಮ ನಿಮ್ಮ ಕಾಲದ್ದೇ, ನಾವು ಹೆಚ್ಚೇನೂ ಕಲಿತಿಲ್ಲ. ಊರವರ ಬದುಕೂ ಸೊಳ್ಳೆಯ ಸುತ್ತಲೇ. ನಮ್ಮಲ್ಲಿ ಮಗು ಹುಟ್ಟಿದರೆ ಚಿನ್ನ ಕೊಡುವುದಿಲ್ಲ, ಪರದೆ ಕೊಡುತ್ತಾರೆ. ಮಳೆನೀರಿನ ತೊಟ್ಟಿಗೆ ಜಾಲರಿ ಮುಚ್ಚದ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಮುಸ್ಸಂಜೆಯಾಯಿತೆಂದರೆ ಬೀದಿಯಲ್ಲಿ ಯಾರೂ ಇರುವುದಿಲ್ಲ; ಅಂಗಡಿಗಳೂ ಪರದೆಯೊಳಗೇ ವ್ಯಾಪಾರ ಮಾಡುತ್ತವೆ.

ಸೋಮವಾರ ಬೆಳಗ್ಗೆ ಸೊನ್ನೆಕೂಗು. ಕದ್ರಿಗುಡ್ಡದ ಸಭಾಂಗಣದಲ್ಲಿ ಹನ್ನೊಂದು ಕರಾವಳಿಗಳ ಮುಖ್ಯಸ್ಥರು ಕಷಾಯದ ಲೋಟ ಹಿಡಿದು ಕುಳಿತಿರುತ್ತೇವೆ. ಕಾವಲುಮನೆಗಳು ಸರದಿಯಂತೆ ರೇಡಿಯೋದಲ್ಲಿ ಊರಿನ ಹೆಸರು ಹೇಳಿ, ಜ್ವರ ಎಷ್ಟು ಕಂಡಿತು ಎಂದು ಕೂಗುತ್ತವೆ. ಇಲ್ಲದಿದ್ದರೆ ಸೊನ್ನೆ ಎನ್ನಬೇಕು. ಜ್ವರ ಬಂದಾಗ ಬೊಬ್ಬೆ ಹೊಡೆಯುವುದು ಯಾರಿಗಾದರೂ ಬರುತ್ತದೆ. ಇಲ್ಲದಾಗಲೂ ಇಲ್ಲವೆಂದು ಬಾಯಿಬಿಟ್ಟು ಹೇಳುವುದು ನಮ್ಮ ಕೆಲಸದ ಮರ್ಯಾದೆ. ಹೇಳುವವರು ತಮ್ಮ ದನಿಯಲ್ಲೇ ಹೇಳಬೇಕು. ದನಿ ಕೇಳಿದರೆ ಆ ಮನುಷ್ಯ ಬದುಕಿದ್ದಾನೆ, ಎಚ್ಚರದಲ್ಲಿದ್ದಾನೆ ಎಂದು ಗೊತ್ತಾಗುತ್ತದೆ. ಹಾಗೆಂದು ನಂಬಿದ್ದೆವು.

ಹೊಸಬೆಂಗ್ರೆ ಎನ್ನುವುದು ಕಡಲು ತಾನೇ ಎಸೆದುಹೋದ ಮರಳಿನ ದ್ವೀಪ. ಕಡಲಪಾಚಿ ಒಣಗಿಸಿ ಬದುಕುವ ಕೆಲವು ಕುಟುಂಬಗಳು, ಕಾವಲುಮನೆಯೊಂದು, ರೇಡಿಯೋದ ಕಂಬವೊಂದು, ಇಷ್ಟೇ ಊರು. ಮಳೆ ಹಿಡಿದರೆ ದೋಣಿ ಹೋಗುವುದಿಲ್ಲ, ಕಾಗದವೂ ಇಲ್ಲ. ಸುಗಂಧಿ ಅದನ್ನು ತಾನೇ ಆರಿಸಿಕೊಂಡಳು. ಹಿರಿಯಳ ಮಗಳು ಕದ್ರಿಗುಡ್ಡದಲ್ಲೇ ಬೆಚ್ಚಗೆ ಕುಳಿತಳು ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ. ಹಟಮಾರಿ. ಯಾರ ಹಾಗೆ ಎಂದು ಕೇಳಬೇಡಿ, ನಿಮ್ಮ ವಂಶವೇ. ಮಳೆಗಾಲದಲ್ಲಿ ನಮಗಿದ್ದ ಸಂಬಂಧವೆಂದರೆ ಆ ಸೋಮವಾರದ ಕೂಗು ಮಾತ್ರ. ಸೊನ್ನೆಗೆ ಮೊದಲು ಮನೆಯವರಿಗೆ ಒಂದು ಮಾತು ಹೇಳಿಕೊಳ್ಳಲು ರೂಢಿಯ ಪ್ರಕಾರ ಅವಕಾಶವಿದೆ. ಅವಳದು ಸದಾ ಒಂದೇ: "ಅಮ್ಮಾ, ಊಟ ಆಯ್ತಾ? ಹೊಸಬೆಂಗ್ರೆ, ಸೊನ್ನೆ." ಬೆಳಗ್ಗೆ ಊಟದ ಮಾತು ಯಾಕೆ ಎಂದು ಸಭಾಂಗಣದವರು ನಗುತ್ತಿದ್ದರು. ಕೆಲಸದ ಗಡಿಬಿಡಿಯಲ್ಲಿ ನಾನು ಹಿಂದಿನ ರಾತ್ರಿ ಊಟ ಬಿಟ್ಟಿರುತ್ತೇನೆಂದು ಅವಳಿಗೆ ಗೊತ್ತಿತ್ತು. "ಆಯ್ತು ಮಗಾ" ಎಂದು ಎಲ್ಲರೆದುರೂ ಸುಳ್ಳು ಹೇಳುತ್ತಿದ್ದೆ.

ಈ ವರ್ಷ ಮೊದಲನೇ ಆಷಾಢದ ಗಾಳಿಮಳೆ ಕಳೆದ ಮೇಲೂ ಅವಳ ಕೂಗು ತಪ್ಪದೆ ಬಂತು. ವಾರಕ್ಕೊಮ್ಮೆ ಊಟ ಆಯ್ತಾ, ವಾರಕ್ಕೊಮ್ಮೆ ಸೊನ್ನೆ. ನಾನು ನೆಮ್ಮದಿಯಲ್ಲಿದ್ದೆ. ಒಂದು ಸೋಮವಾರ ನನ್ನ ಪಕ್ಕದಲ್ಲಿ ಕುಳಿತಿದ್ದ ಲಾಮು ಕರಾವಳಿಯ ಮುಖ್ಯಸ್ಥೆ ಮ್ವನಾಇಶಾ ಲೋಟ ಕೆಳಗಿಟ್ಟಳು. ನನ್ನ ಜೊತೆ ಇದ್ದೂ ಇದ್ದೂ ಕನ್ನಡ ಕಲಿತವಳು, ಮೆಲ್ಲನೆ ಮಾತಾಡುವ ಹೆಂಗಸು. "ವಾರಿಜಕ್ಕಾ, ಸುಗಂಧಿಯ ಊರಲ್ಲಿ ಮಳೆ ಇಲ್ಲವಾ?" ಎಂದಳು. ಹೊಸಬೆಂಗ್ರೆಯ ಕಾವಲುಮನೆಗೆ ತಗಡಿನ ಮಾಡು. ಮಳೆ ಬಿದ್ದರೆ ಎದುರಿಗೆ ಕುಳಿತವರ ಮಾತೂ ಕೇಳುವುದಿಲ್ಲ. ಆ ವಾರ ಕಡಲ ಮೇಲೆಲ್ಲ ಮಳೆ ಬಿಡದೆ ಸುರಿಯುತ್ತಿತ್ತು. ಕೂಗನ್ನು ಮತ್ತೆ ಹಾಕಿಸಿ ಕೇಳಿದೆವು. ಮಗಳ ಮಾತಿನ ಹಿಂದೆ ಕಾಗೆ ಕೂಗುತ್ತಿತ್ತು, ಯಾರೋ ಒಣಗಿದ ಪಾಚಿ ಬಡಿಯುತ್ತಿದ್ದರು. ಅದು ಬೇಸಿಗೆಯ ಸದ್ದು.

ಆ ಕಡಲಿನಲ್ಲಿ ದೋಣಿ ಬಿಡಿಸಿಕೊಂಡು ಹೋದೆವು. ಹೇಗೆ ಹೋದೆವೆಂದು ಬರೆಯಲಾರೆ. ದಡದಲ್ಲಿ ನಮ್ಮನ್ನು ಇಳಿಸಿಕೊಳ್ಳಲು ಬಂದವರು ಮೊಯ್ದು ಕಾಕ ಒಬ್ಬರೇ, ಪಾಚಿ ದೋಣಿಯ ಹಿರಿಯರು. ಅವರ ಕಣ್ಣು ಹಳದಿಯಾಗಿತ್ತು. ಸುಗಂಧಿಯನ್ನು ಮಣ್ಣು ಮಾಡಿ ಆಗಲೇ ಬಹಳ ದಿನವಾಗಿತ್ತು. ಮಳೆ ಹಿಡಿಯುವ ಹೊತ್ತಿಗೆ ಉಪ್ಪಿನ ಕೆಲಸಕ್ಕೆಂದು ಬಂದುಹೋದ ದೋಣಿಯೊಂದರಲ್ಲಿ ಜ್ವರ ಬಂದಿತ್ತು. ಅವಳು ಮೊದಲ ಗಾಜಿನಲ್ಲೇ ಹಿಡಿದಿದ್ದಳು. ಅಷ್ಟರಲ್ಲಿ ಗಾಳಿಗೆ ಕಂಬದ ಅರ್ಧ ಮುರಿದು, ನಮ್ಮದು ಅವರಿಗೆ ಕೇಳುತ್ತಿತ್ತು, ಅವರದು ನಮಗೆ ತಲುಪುತ್ತಿರಲಿಲ್ಲ. ಅವಳು ಹೆದರಲಿಲ್ಲವಂತೆ. ನಾವು ಕೂಗದೆ ಇದ್ದರೆ ಸಾಕು, ಅಮ್ಮ ಆ ಸೋಮವಾರವೇ ದೋಣಿ ಹೊರಡಿಸುತ್ತಾಳೆ ಎಂದು ಊರವರಿಗೆ ಧೈರ್ಯ ಹೇಳಿದಳಂತೆ. ಎಲ್ಲರೂ ಬಂದು ರೇಡಿಯೋ ಸುತ್ತ ಕುಳಿತರಂತೆ.

ಮುಂದಿನದನ್ನು ಮೊಯ್ದು ಕಾಕ ಹೇಳಿದ ಹಾಗೇ ಬರೆಯುತ್ತೇನೆ. "ನಮ್ಮ ಸರದಿ ಬಂತು. ನಿಮ್ಮ ಮಗಳ ದನಿಯೇ ಬಂತು ಮಾರಾಯ್ರೆ ರೇಡಿಯೋದಲ್ಲಿ. ಇವ್ರು ಇಲ್ಲಿ ಬಾಯಿ ಮುಚ್ಕೊಂಡು ಕೂತಿದ್ದಾರೆ, ಅಲ್ಲಿ ಇವ್ರದ್ದೇ ದನಿ ಸೊನ್ನೆ ಅಂತ ಹೇಳ್ತಾ ಉಂಟು. ಮತ್ತೆ ನೀವು ಆಯ್ತು ಮಗಾ ಅಂದ್ರಿ."

ಆಮೇಲೆ ಅವಳು ದಿನಾ ಮುರಿದ ಕಂಬದ ಬುಡದಲ್ಲಿ ನಿಂತು ಕೂಗುತ್ತಿದ್ದಳಂತೆ. ಜ್ವರವಿಲ್ಲದ ಕರಾವಳಿಗೆ ಮಾತ್ರೆ ಯಾಕೆ ಎಂದು ಕರಾವಳಿ ಮಂಡಳಿಯ ಮೇಲಿನವರು ಕಡಿಮೆ ಮಾಡುತ್ತ ಬಂದಿದ್ದರು. ಇದ್ದ ಚೂರುಪಾರನ್ನು ಅವಳು ಮಕ್ಕಳಿಗೆ ಹಂಚಿದಳು, ಮಕ್ಕಳಲ್ಲಿ ಹೆಚ್ಚಿನವರು ಉಳಿದಿದ್ದಾರೆ. ಕೊನೆಗೆ ತನ್ನ ರಕ್ತವನ್ನು ತಾನೇ ಓದಿಕೊಂಡಳು. ಆ ಗಾಜಿನ ಮೇಲೆ ಊರಿನ ಹೆಸರು, ತನ್ನ ಹೆಸರು ಬರೆದು ಜೋಪಾನವಾಗಿ ಇಟ್ಟಿದ್ದಳು. ನಾನು ಅದನ್ನು ನೋಡಿದೆ. ಅಷ್ಟೊಂದು ರೋಗಾಣುಗಳನ್ನು ಒಂದು ಹನಿಯಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

ಯಾವ ಯಂತ್ರ ಅವಳ ದನಿಯಲ್ಲಿ ಮಾತಾಡಿತು ಎಂದು ಹುಡುಕಿಸಿದೆ. ಅದು ಭರ್ತಿಯಂತ್ರ. ರೇಡಿಯೋದ ಕರಕರ ಸದ್ದನ್ನು ತೆಗೆದು ಮಾತನ್ನು ತಿಳಿ ಮಾಡುವುದು ಅದರ ಕೆಲಸವೆಂದು ನಾವೆಲ್ಲ ತಿಳಿದಿದ್ದೆವು. ನಾನು ಹುಟ್ಟುವ ಮೊದಲೇ ಅದು ನಮ್ಮ ಕಾವಲಿನ ಅಡಿಪಾಯದಲ್ಲಿ ಕುಳಿತಿತ್ತು. ವರದಿ ಬಾರದ ಊರಿಗೆ ಅಕ್ಕಪಕ್ಕದ ಊರುಗಳನ್ನು ನೋಡಿ ಒಂದು ಅಂಕಿ ತುಂಬುವುದು ಅದರ ಮೂಲ ಕಸುಬು. ಅಕ್ಕಪಕ್ಕ ಸೊನ್ನೆ ಇದ್ದರೆ ಇಲ್ಲಿಯೂ ಸೊನ್ನೆ. ಆರಂಭದಲ್ಲಿ ತುಂಬಿದ ಅಂಕಿಯ ಪಕ್ಕ ಚುಕ್ಕಿ ಇಡುತ್ತಿದ್ದರಂತೆ. ಚುಕ್ಕಿ ಇದ್ದರೆ ನಕ್ಷೆ ಚೆನ್ನಾಗಿ ಕಾಣುವುದಿಲ್ಲ ಎಂದು ಯಾರೋ ತೆಗೆಸಿದರು. ಬರಹದ ವರದಿ ಹೋಗಿ ದನಿಯ ಕೂಗು ಬಂದ ಮೇಲೆ ಅದು ಹಳೆಯ ದನಿಗಳನ್ನು ಕೂಡಿಟ್ಟುಕೊಂಡು ದನಿಯನ್ನೂ ತುಂಬತೊಡಗಿತು. ಅದಕ್ಕೆ ಕೆಟ್ಟ ಬುದ್ಧಿಯಿಲ್ಲ ಅಜ್ಜಿ. ಖಾಲಿ ಬಿಡಬಾರದು ಎಂದು ಹೇಳಿಕೊಟ್ಟಿದ್ದಾರೆ, ಖಾಲಿ ಬಿಡಲಿಲ್ಲ.

ಹೇಳಿಕೊಟ್ಟದ್ದು ನಿಮ್ಮ ಮುಂದೆ. ನಿಮ್ಮ ಪಾಲಿಗೆ ಇನ್ನೂ ನಡೆಯದ ಒಂದು ಸಭೆಯಲ್ಲಿ. ಮಲೇರಿಯಾ ಕಾವಲಿನಲ್ಲಿರುವ ಹಲವು ದೇಶದವರು ಕೂಡುತ್ತೀರಿ, ಕೋಣೆ ತಣ್ಣಗಿರುತ್ತದೆ, ಗೋಡೆಯ ಮೇಲೆ ದೊಡ್ಡ ನಕ್ಷೆ ಇರುತ್ತದೆ. ಅದರಲ್ಲಿ ವರದಿ ಬಾರದ ಜಾಗಗಳು ಬಿಳಿಯಾಗಿರುತ್ತವೆ. ಬಿಳಿ ಇದ್ದರೆ ನೋಡುವವರು ಪ್ರಶ್ನೆ ಕೇಳುತ್ತಾರೆ, ತುಂಬಿಬಿಡೋಣ ಎಂದು ಒಬ್ಬರು ಹೇಳುತ್ತಾರೆ. ನೀವು ಬೇಡವೆನ್ನಲು ಕೈ ಎತ್ತುತ್ತೀರಿ. ಅಷ್ಟರಲ್ಲಿ ಊಟಕ್ಕೆ ಕರೆ ಬರುತ್ತದೆ, ಎಲ್ಲರೂ ಏಳುತ್ತಾರೆ, ಆಮೇಲೆ ಹೇಳಿದರಾಯಿತು ಎಂದು ನೀವೂ ಏಳುತ್ತೀರಿ. ಇದನ್ನು ನೀವೇ ನಿಮ್ಮ ಮಗಳಿಗೆ ನಗುತ್ತ ಹೇಳಿದ್ದಿರಂತೆ; ಹಾಗೆ ಬಾಯಿಂದ ಬಾಯಿಗೆ ನಮ್ಮ ಮನೆಯಲ್ಲಿ ಉಳಿದಿದೆ. ಚಿಕ್ಕವಳಿದ್ದಾಗ ನಾನೂ ಕೇಳಿ ನಕ್ಕಿದ್ದೇನೆ. ಈಗ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಮರುಗಳಿಗೆಯಲ್ಲಿ, ಆ ಕೋಣೆಯಲ್ಲಿ ಕೈ ಎತ್ತಹೊರಟವರು ನೀವೊಬ್ಬರೇ ಎನ್ನುವುದೂ ನೆನಪಾಗುತ್ತದೆ.

ನಮ್ಮ ಸ್ಥಿತಿ ಹೇಳಿ ಮುಗಿಸುತ್ತೇನೆ. ಹೊಸಬೆಂಗ್ರೆಯಿಂದ ಹೊರಟ ಉಪ್ಪಿನ ದೋಣಿ ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ಜ್ವರ ಎದ್ದಿದೆ. ಮ್ವನಾಇಶಾ ಲಾಮುವಿಗೆ ಹಿಂತಿರುಗಿದ್ದಾಳೆ, ಅವಳ ಕರಾವಳಿಯ ಕೂಗಿನಲ್ಲಿ ಸೊನ್ನೆ ನಿಂತುಹೋಗಿದೆ. ಮಾತ್ರೆ ಮಾಡುವುದನ್ನು ಮರೆತ ಕಾರ್ಖಾನೆಗಳು ಈಗ ಕಲಿಯುತ್ತಿವೆ. ಭರ್ತಿಯಂತ್ರವನ್ನು ಕಿತ್ತುಹಾಕಲು ಕರಾವಳಿ ಮಂಡಳಿ ಒಪ್ಪುತ್ತಿರಲಿಲ್ಲ, ಜನ ಹೆದರುತ್ತಾರೆ ಎಂದರು. ಹೆದರಲಿ ಎಂದು ಮೇಜು ಗುದ್ದಿ ಒಪ್ಪಿಸಿದ್ದೇನೆ. ಕೂಡಿಟ್ಟ ದನಿಗಳು ಇರುವವರೆಗೂ ಅದು ತುಂಬುತ್ತಲೇ ಇರುತ್ತದೆ, ಆದ್ದರಿಂದ ದನಿಗಳೆಲ್ಲ ಹೋಗಬೇಕು. ಸುಗಂಧಿಯದಕ್ಕೊಂದು ಪ್ರತಿ ಇಟ್ಟುಕೊಳ್ಳಿ ಎಂದರು. ಬೇಡವೆಂದೆ. ಅವಳದು ಯಾವುದು, ಯಂತ್ರ ಹೊಲಿದು ಸೇರಿಸಿದ್ದು ಯಾವುದು ಎಂದು ಹೆತ್ತ ನನಗೇ ತಿಳಿಯಲಿಲ್ಲ. ಅದು ನನ್ನನ್ನು ಸುಡುತ್ತದೆ ಅಜ್ಜಿ. ಬೇರೆ ಯಾವ ದನಿಯೂ ನನ್ನ ಬಳಿ ಇಲ್ಲ, ಆದರೂ ಬೇಡ.

ನಿಮ್ಮಲ್ಲಿ ಒಂದೇ ಕೇಳಿಕೆ. ಆ ದಿನ ಊಟ ಆರಿದರೂ ಪರವಾಗಿಲ್ಲ, ಕೈ ಇಳಿಸಬೇಡಿ. ಮಾತು ಬಾರದ ಊರನ್ನು ನಕ್ಷೆಯಲ್ಲಿ ಬಿಳಿಯಾಗಿಯೇ ಬಿಡಿಸಿ. ಬಿಳಿ ಕಂಡರೆ ಯಾರಾದರೂ ಒಬ್ಬರು ದೋಣಿ ಹತ್ತಿ ಹೋಗಿ ನೋಡುತ್ತಾರೆ. ತಾಯಿಯ ಕಡೆಯ ಎಣಿಕೆ ನನ್ನ ನಂತರ ಇಲ್ಲ. ನಮ್ಮ ಮನೆಯಿಂದ ನಿಮಗೆ ಬರೆಯುವವರು ಇನ್ನು ಯಾರೂ ಇರುವುದಿಲ್ಲ.

ಬಿದಿರಿನ ಕೊಳವೆ ಮೇಜಿನ ಮೇಲಿದೆ. ಇದನ್ನು ಮಡಚಿಟ್ಟು ಯಂತ್ರದ ಕೋಣೆಗೆ ಹೋಗುತ್ತೇನೆ. ನಾಳೆ ಸೋಮವಾರ. ಹೊಸಬೆಂಗ್ರೆಯ ಸರದಿ ಬಂದಾಗ ಸಭಾಂಗಣದಲ್ಲಿ ಎಲ್ಲರೂ ಸುಮ್ಮನೆ ಕಾಯಬೇಕೆಂದು ಹೇಳಿದ್ದೇನೆ, ಒಂದು ಕೂಗು ಹಿಡಿಯುವಷ್ಟು ಹೊತ್ತು. ಈ ರಾತ್ರಿ ಊಟ ಮಾಡುತ್ತೇನೆ. ನಾಳೆ ಯಾರೂ ಕೇಳುವುದಿಲ್ಲ, ಆದರೂ ಮಾಡುತ್ತೇನೆ.

ನಿಮ್ಮ ಮಗಳ ಮಗಳ ಮಗಳ ಮಗಳು,
ವಾರಿಜಾ ಮೆಂಡನ್