ಏನಾದ್ರೂ ಕೆಟ್ಟಿದೆಯಾ?

ಮಾರ್ಚ್ 3, ಸೋಮವಾರ

ಇವತ್ತು ಕೀಬೋರ್ಡ್. ಬೆಳಿಗ್ಗೆ ಎರಡು ಸಾಲು ಹೊಡೆದೆ, ಪರದೆ ಓದುವ ವಟವಟಮ್ಮ ಓದಿ ಹೇಳಿದಳು — ತಲೆಬುಡವಿಲ್ಲದ ಬಡಬಡಿಕೆ. ಭಾಷೆಯ ಸೆಟ್ಟಿಂಗ್ ತಾನಾಗಿ ಬದಲಾಗಿದೆಯಂತೆ. ಕಳೆದ ವಾರ ವೈಫೈ. ಅದಕ್ಕೂ ಮುಂಚೆ ಪ್ರಿಂಟರ್. ಈ ಕಂಪ್ಯೂಟರಿನ ಲಿನಕ್ಸ್‌ಗೆ ಶನಿ ಹಿಡಿದಿದೆ.

"ರೀ" ಎಂದು ಕೂಗಿದ್ದೇ ತಡ, ಬಚ್ಚಲಿನಿಂದ ಒದ್ದೆ ಕೈಯಲ್ಲೇ ಓಡಿ ಬಂದರು.

"ಏನಾದ್ರೂ ಕೆಟ್ಟಿದೆಯಾ?"

ಟೈಪ್ ಮಾಡುತ್ತ ಒಂದೊಂದನ್ನೂ ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸ ಇವರಿಗೆ. ಸ್ಪೇಸ್... ಸೊನ್ನೆ... ಎಂಟರ್. ಸರಿಹೋಯಿತು.

"ಅಪ್‌ಡೇಟ್ ಆಗಿರ್ಬೇಕು ಕಣೇ, ಅದರ ಹಣೆಬರಹ. ನೀನು ಕೈ ಹಾಕ್ಬೇಡ, ನಾನಿದ್ದೀನಲ್ಲ."

ಫ್ಯಾಕ್ಟರಿ ಮುಚ್ಚಿದ ಮೇಲೆ, ಏನಾದರೂ ಕೆಟ್ಟಾಗ ಮಾತ್ರ ಇವರ ದನಿಗೆ ಜೀವ ಬರುತ್ತದೆ. ಅಷ್ಟು ವರ್ಷ ಮೆಂಟೆನೆನ್ಸ್ ಮಾಡಿದ ಮನುಷ್ಯ. ಮನೆಯಲ್ಲಿ ತಿರುಗಿಸಲು ಒಂದು ಸ್ಕ್ರೂ ಉಳಿದಿಲ್ಲ.

ನನ್ನ ಕಣ್ಣು ಪೂರ್ತಿ ಹೋದಾಗ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಪರದೆ ಓದಿ ಹೇಳುವ ಪ್ರೋಗ್ರಾಮ್ ಕೂರಿಸಿಕೊಟ್ಟವರು ಇವರೇ. ವಟವಟಮ್ಮ ಅಂತ ಹೆಸರಿಟ್ಟವರೂ ಇವರೇ. "ನೋಡ್ತಿರು, ನನಗಿಂತ ಜಾಸ್ತಿ ಅವಳ ಮಾತೇ ಕೇಳ್ತೀಯ" ಅಂದಿದ್ದರು.

ಮಾರ್ಚ್ 7, ಶುಕ್ರವಾರ

ಟೈಪಿಂಗ್ ಆಫೀಸಿನ ಮೇಡಂ ಫೋನ್ ಮಾಡಿದ್ದರು. ಡಾಕ್ಟರುಗಳ ರೆಕಾರ್ಡಿಂಗ್ ಕೇಳಿ ರಿಪೋರ್ಟ್ ಹೊಡೆಯುವ ಕೆಲಸ. ಕಿವಿ, ಬೆರಳು ಇದ್ದರೆ ಸಾಕು. ಆದರೂ ಈ ರಿಪೇರಿ ಗಲಾಟೆಯಲ್ಲಿ ಎರಡು ಸಲ ತಡವಾಗಿದೆ.

"ನಿಮ್ಮ ಕಷ್ಟ ಗೊತ್ತಮ್ಮಾ. ಆದ್ರೆ ಆಸ್ಪತ್ರೆಯೋರು ನನ್ನ ತಲೆ ತಿಂತಾರೆ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇಲ್ಲ."

ಈಗ ಮನೆ ನಡೆಯುತ್ತಿರುವುದು ಇದೊಂದರಿಂದಲೇ. ಇವರಿಗೆ ಹೇಳಿದೆ. "ಪಕ್ಕದಲ್ಲೇ ಕೂತಿರ್ತೀನಿ ಬಿಡು, ಒಂದು ನಿಮಿಷ ತಡ ಆಗಲ್ಲ" ಅಂದರು. ಕೂತೇ ಬಿಟ್ಟರು, ಇಡೀ ದಿನ. ಏನೂ ಕೆಡಲಿಲ್ಲ. ಸಂಜೆ ಊಟ ಬೇಡ ಅಂದರು.

ಮಾರ್ಚ್ 12, ಬುಧವಾರ — ಮಧ್ಯಾಹ್ನ

ನಡೆದದ್ದನ್ನು ಈಗಲೇ ಬರೆದುಬಿಡುತ್ತೇನೆ.

ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಇವರು ಕಂಪ್ಯೂಟರ್ ಮುಂದಿದ್ದರು. ಬರುವಷ್ಟರಲ್ಲಿ ಯಾವುದೋ ವರ್ಕ್‌ಶಾಪಿನಿಂದ ಕರೆ — ಇಂಟರ್‌ವ್ಯೂ, ಈಗಲೇ ಬನ್ನಿ ಅಂತ. ಮನೆಯೆಲ್ಲ ಓಡಾಟ, ಶರ್ಟ್ ಎಲ್ಲಿ, ಬೂಟ್ ಎಲ್ಲಿ. "ಒಳ್ಳೇದಾಗ್ಲಿ ಅನ್ನೇ" ಅಂದರು. ಅಂದೆ. ಮನಸಾರೆ ಅಂದೆ.

ಕೂತೆ. ಸದ್ದಿಲ್ಲ. ವಟವಟಮ್ಮ ಇಲ್ಲ, ಡಾಕ್ಟರೂ ಇಲ್ಲ. ಹನ್ನೆರಡಕ್ಕೆ ರಿಪೋರ್ಟ್ ಹೋಗಬೇಕು. ಸ್ಪೀಕರ್ ವೈರ್ ಮುಟ್ಟಿ ನೋಡಿದೆ, ಸರಿಯಾಗಿದೆ. ಆಫ್ ಮಾಡಿ ಆನ್ ಮಾಡಿದೆ, ಫ್ಯಾನ್ ಗುಂಯ್ ಅಂತು, ಅಷ್ಟೇ. ಇವರಿಗೆ ಫೋನ್ ಮಾಡಿದರೆ ಅಡುಗೆಮನೆಯಲ್ಲಿ ರಿಂಗಾಯಿತು. ಬಿಟ್ಟು ಹೋಗಿದ್ದಾರೆ ಪುಣ್ಯಾತ್ಮ. ಎದುರುಮನೆ ಬಾಗಿಲು ಬಡಿದೆ, ಬೀಗ.

ಆಗ ನೆನಪಾಯಿತು. ಮೊದಲ ದಿನ ಹೇಳಿಕೊಟ್ಟಿದ್ದರು: "ಇವಳ ಬಾಯಿ ಬಿದ್ದುಹೋದ್ರೆ ಅಪ್ಪಣೆ ಹೊಡಿಯೋ ಟರ್ಮಿನಲ್ ಕಿಟಕಿ ತೆಗೆದು ಇಜೆಕ್ಟ್ ಅಂತ ಹೊಡಿ. ಸಿ.ಡಿ. ತಟ್ಟೆ ಹೊರಗೆ ಬರುತ್ತೆ. ನಾಲಿಗೆ ಚಾಚಿದ್ರೆ ಜೀವ ಇದೆ ಅಂತ ತಿಳ್ಕೋ." ಹೊಡೆದೆ. ತಟ್ಟೆ ಬಂದು ಕೈಗೆ ತಾಗಿತು. ಅತ್ತುಬಿಟ್ಟೆ.

ಆಮೇಲೆ ಇವರು ಮೊದಲ ದಿನ ಸದ್ದು ಸರಿಮಾಡುವಾಗ ಗೊಣಗಿಕೊಂಡಿದ್ದನ್ನು ಜ್ಞಾಪಿಸಿಕೊಂಡು ಸದ್ದು ಬಿಡಿಸುವ ಸಾಲು ಹೊಡೆಯುತ್ತ ಹೋದೆ. ತಟ್ಟೆ ಒಳಗೆ ತಳ್ಳಿ, ಪ್ರತಿ ಸಲವೂ ಸಾಲಿನ ಕೊನೆಗೆ ಇಜೆಕ್ಟ್ ಸೇರಿಸಿ. ಸಾಲು ಸರಿಯಿದ್ದರೆ ಮಾತ್ರ ತಟ್ಟೆ ಬರುತ್ತದೆ, ತಪ್ಪಿದ್ದರೆ ಇಲ್ಲ. ಇಲ್ಲ. ಇಲ್ಲ. ಎಷ್ಟು ಸಲವೋ. ಕೊನೆಗೆ ಬಂತು ತಟ್ಟೆ, ಜೊತೆಗೆ ವಟವಟಮ್ಮನ ದನಿ. ಅವಳ ಮೊದಲ ಮಾತು ಗಂಟೆ. ಒಂದೂವರೆ.

ಮೇಡಂಗೆ ಫೋನ್ ಮಾಡಿದೆ. "ಬೇರೆಯವರಿಗೆ ಕೊಟ್ಟಾಯ್ತಮ್ಮಾ. ಬೇಕಾದಾಗ ನಾನೇ ಕರೀತೀನಿ."

ಕರೆಯುವುದಿಲ್ಲ.

ಅದೇ ದಿನ, ಸಂಜೆ

ಆ ಸಾಲನ್ನು ಬಾಯಿಪಾಠ ಮಾಡಿಕೊಳ್ಳೋಣ ಅಂತ ಟರ್ಮಿನಲ್ ತೆಗೆದು ಮೇಲಿನ ಬಾಣದ ಗುಂಡಿ ಒತ್ತಿದೆ. ಒಂದೊಂದು ಸಲ ಒತ್ತಿದಂತೆ ಹಿಂದೆ ಹೊಡೆದದ್ದನ್ನು ಒಂದೊಂದಾಗಿ ತೋರಿಸುತ್ತದೆ, ವಟವಟಮ್ಮ ಓದುತ್ತಾಳೆ. ಗೆದ್ದ ಸಾಲು: ಮ್ಯೂಟ್, ಸೊನ್ನೆ. ಸೊನ್ನೆ ಅಂದರೆ ಬಾಯಿ ಬಿಡು. ಅದಕ್ಕೂ ಹಿಂದೆ ನನ್ನ ತಪ್ಪು ಸಾಲುಗಳು. ಅವುಗಳಿಗೂ ಹಿಂದೆ ಇನ್ನೊಂದು. ಮ್ಯೂಟ್, ಒಂದು.

ಬಾಯಿ ಮುಚ್ಚು.

ಅದನ್ನು ನಾನು ಹೊಡೆದಿಲ್ಲ.

ಮತ್ತೆ ಒತ್ತಿದೆ. ಕೀಬೋರ್ಡಿನ ಭಾಷೆ ಸರಿಮಾಡಿದ್ದು. ಅದರ ಹಿಂದೆಯೇ ಕೆಡಿಸಿದ್ದು. ವೈಫೈ ಆನ್, ಅದರ ಹಿಂದೆ ಆಫ್. ಪ್ರಿಂಟರ್ ಕೂಡ. ಜೋಡಿ ಜೋಡಿ. ಕೆಡಿಸಿ, ನಾನು ಕೂಗುವುದನ್ನೇ ಕಾದಿದ್ದು, ಓಡಿ ಬಂದು ಸರಿಮಾಡಿದ್ದು. ಕೊನೆಯ ಜೋಡಿಯಲ್ಲಿ ಮಾತ್ರ ಸರಿಮಾಡಿದ್ದು ನಾನು.

ಕಣ್ಣು ಹೋದಾಗಲೂ ಇಷ್ಟು ಸಿಟ್ಟು ಬಂದಿರಲಿಲ್ಲ. ನನ್ನ ಅನ್ನಕ್ಕೇ ಕೈ ಹಾಕಿದರಲ್ಲ!

ಆರು ಗಂಟೆಗೆ ಬಂದರು. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಯೇ ಗೊತ್ತಾಯಿತು. "ವಯಸ್ಸಾಯ್ತು ಅಂದ್ರು." ಬೂಟ್ ಬಿಚ್ಚಲಿಲ್ಲ, ನೆಟ್ಟಗೆ ನನ್ನ ಹತ್ತಿರ ಬಂದರು.

"ಏನಾದ್ರೂ ಕೆಟ್ಟಿದೆಯಾ?"

"ಇಲ್ಲ. ಏನೂ ಕೆಟ್ಟಿಲ್ಲ."

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಆಫೀಸ್ ಕೆಲಸ ಹೋಯ್ತು" ಅಂದೆ.

ಯಾಕೆ ಅಂತ ಕೇಳಲಿಲ್ಲ.

ಮಾರ್ಚ್ 13, ಗುರುವಾರ

ಪಾಸ್‌ವರ್ಡ್ ಬದಲಾಯಿಸಿದೆ. ಆಮೇಲೆ ಬೇಕಂತಲೇ ಸ್ನಾನಕ್ಕೆ ಹೋದೆ. ಹೊರಗಿನ ಸದ್ದು ಕೇಳಿಸಲಿ ಅಂತ ನಲ್ಲಿ ಬಿಡಲಿಲ್ಲ.

ಕೀಲಿಗಳ ಸದ್ದು. "ಪಾಸ್‌ವರ್ಡ್ ತಪ್ಪಾಗಿದೆ" ಅಂದಳು ವಟವಟಮ್ಮ, ಮನೆಗೆಲ್ಲ ಕೇಳುವ ಹಾಗೆ. ಮತ್ತೆ ಕೀಲಿ. ಮತ್ತೆ ಅದೇ ಮಾತು. ಕುರ್ಚಿ ಹಿಂದೆ ಸರಿಯಿತು.

ತಿಂಡಿ ತಿನ್ನುವಾಗ ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ಕೇಳಿದರೆ ಒಪ್ಪಿಕೊಂಡಂತೆ. ಕಾಯುತ್ತೇನೆ, ನನಗೇನು ಅವಸರ.

ಮಾರ್ಚ್ 27, ಗುರುವಾರ

ಬರೆಯಲು ಏನೂ ಇರಲಿಲ್ಲ. ಮೇಡಂ ಕರೆದಿಲ್ಲ.

ಇವರು ಮಲಗಿಯೇ ಇದ್ದಾರೆ. ನಿನ್ನೆ ಮುಖ ಮುಟ್ಟಿದೆ, ಗಡ್ಡ ಉದ್ದ ಬೆಳೆದಿದೆ. ಕೈ ಸರಿಸಿ ಗೋಡೆ ಕಡೆ ತಿರುಗಿದರು. ಚೆನ್ನಾಗಿ ತಿರುಗುತ್ತಿದ್ದ ಟೇಬಲ್ ಫ್ಯಾನ್ ಬಿಚ್ಚಿ ನೆಲದ ಮೇಲೆ ಹರಡಿ ನಾಲ್ಕು ದಿನವಾಯಿತು. ಜೋಡಿಸಿಲ್ಲ. ಬಿಚ್ಚಿದ್ದನ್ನು ಜೋಡಿಸದೆ ಬಿಡುವವರಲ್ಲ ಇವರು. ಬೆಳಿಗ್ಗೆ ಅದರ ಸ್ಕ್ರೂ ನನ್ನ ಕಾಲಿಗೆ ಚುಚ್ಚಿತು. ಅಯ್ಯೋ ಅಂದೆ. ಏಳಲಿಲ್ಲ.

ಆಗ ಹೆದರಿಕೆಯಾಯಿತು. ಸಿಟ್ಟು ಹೋಗಿಲ್ಲ. ಹೋಗುವುದೂ ಇಲ್ಲ. ಆದರೆ ಸಿಟ್ಟಾಗಲಿಕ್ಕಾದರೂ ಮನುಷ್ಯ ಉಳಿಯಬೇಕಲ್ಲ.

ಈಗಷ್ಟೇ ನಾನೇ ಆ ಸಾಲು ಹೊಡೆದೆ. ಕೊನೆಗೆ ಒಂದು. ವಟವಟಮ್ಮ ಅರ್ಧ ಮಾತಿನಲ್ಲಿ ನಿಂತಳು. ಇದನ್ನು ಬರೆಯುತ್ತಿರುವುದು ನನಗೇ ಕೇಳಿಸುತ್ತಿಲ್ಲ. ತಪ್ಪಿದ್ದರೆ ಇರಲಿ.

"ರೀ, ಸದ್ದು ಹೋಯ್ತು, ಬನ್ನಿ" ಎಂದು ಕೂಗಿದೆ.

ಇನ್ನೊಂದು ಸಲ ಕೂಗಿದೆ. ಮಂಚ ಕಿರ್ ಅಂತು. ಹೆಜ್ಜೆ... ನಿಧಾನ, ಆದರೂ ಹೆಜ್ಜೆ.

ಪರದೆಗೆ ಬೀಗ ಹಾಕಿ ಎದ್ದು ಕುರ್ಚಿ ಬಿಡುತ್ತೇನೆ. ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಲಾಗದು, ಕೇಳಲೇಬೇಕು. ಕೇಳಿದರೆ ಹೇಳುತ್ತೇನೆ. ಯಾಕೆ ಬದಲಾಯಿಸಿದೆ ಅಂತಲೂ ಹೇಳುತ್ತೇನೆ. ಬೇಕಾದರೆ ಇಬ್ಬರೂ ಕೂತು ಅಳೋಣ.

ಕೇಳದೆ ತಿರುಗಿ ಹೋದರೆ —