ಎರಡು ಹೆಸರಿನ ಬೋರ್ಡು

ತಾ. ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಈ ಪರದೇಶಕ್ಕೆ ಬಂದು ಹತ್ತು ದಿನವಾದರೂ ಕಾಗದ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಗೆಳತಿ ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರುತ್ತಾಳೆ. ನಾವಿಟ್ಟ 'ಗಡಿಬಿಡಿ' ಎಂಬ ಅಡ್ಡಹೆಸರನ್ನು ಅವಳು ಇಲ್ಲೂ ಉಳಿಸಿಕೊಂಡಿದ್ದಾಳೆ.

ನಾನು ಬಂದದ್ದು ಊರು ನೋಡಲಿಕ್ಕಲ್ಲ, ನಿನಗೆ ಗೊತ್ತು. ಹೊಲಿಗೆ ಅಂಗಡಿಯ ಬೋರ್ಡು ಮಾಸಿದೆ. ಹೊಸದರಲ್ಲಿ ನನ್ನದೂ ಗಡಿಬಿಡಿಯದೂ ಇಬ್ಬರ ಹೆಸರೂ ಬೇಕೋ, ನನ್ನದೊಂದೇ ಸಾಕೋ ಎಂದು ಪೇಂಟರ್ ಪ್ರಾಣ ತಿನ್ನುತ್ತಿದ್ದಾನೆ. ವಾಪಸ್ ಬಂದು ಮತ್ತೆ ನನ್ನ ಜೊತೆ ಕತ್ತರಿ ಹಿಡಿಯುತ್ತೀಯಾ ಎಂದು ಇವಳನ್ನು ಕೇಳಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಸಿಗಬೇಕಲ್ಲ!

ನಿನ್ನೆ ಬೆಳಿಗ್ಗೆ ಏಳಕ್ಕೇ ಹೊರಡಿಸಿದಳು. ಸೇತುವೆ, ಗಡಿಯಾರದ ಗೋಪುರ, ದೋಣಿ, ಎಲ್ಲ ಕಡೆ ನಿಲ್ಲಿಸಿ ಫೋಟೋ. ದೋಣಿಯಲ್ಲಿ, "ಒಂದ್ ಮಾತು ಕೇಳ್ಬೇಕಿತ್ತು ಕಣೇ" ಎಂದೆ.

"ಆಮೇಲೆ ಕೇಳು. ಈಗ ಎಡಗಡೆ ನೋಡು, ಮತ್ತೆ ಸಿಗಲ್ಲ" ಎಂದಳು. ನೋಡಿದೆ. ಒಂದು ಕಟ್ಟಡ.

ಮ್ಯೂಸಿಯಮ್ಮಿನಲ್ಲಿ ಮಾತ್ರ ನನ್ನ ಕಾಲು ನಿಂತಿತು. ಯಾವ ಕಾಲದ್ದೋ ಒಂದು ಪಟ್ಟೆಯ ಕೋಟು. ಕಂಕುಳ ಹತ್ತಿರ ತೇಪೆ, ಆದರೆ ಗೆರೆಗೆ ಗೆರೆ ಕೂಡಿಸಿ ಹೊಲಿದಿದ್ದಾರೆ. "ಬಾರೇ, ನಿನ್ನ ಕೈಕೆಲಸಾನೇ ಅನ್ಬೇಕು!" ಎಂದು ಕೂಗಿದೆ. ಇಂಥ ಕೆಲಸ ಕಂಡರೆ ಊಟ ಮರೆಯುತ್ತಿದ್ದವಳು, "ಫೋಟೋ ತಗೋ, ಮನೇಲಿ ನೋಡೋಣ. ಸಂಜೆ ಜನ ಬರ್ತಾರೆ" ಎಂದು ರಟ್ಟೆ ಹಿಡಿದು ಎಳೆದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಎಂಟು ಜನ ಬಂದರು. ನಾನು ಸೋಫಾದ ತುದಿಯಲ್ಲಿ ತಟ್ಟೆ ಹಿಡಿದು ಹಲ್ಲು ಕಿರಿಯುತ್ತಾ ಕೂತಿದ್ದೆ. ಅವರಲ್ಲಿ ಹಲ್ಲಿನ ಡಾಕ್ಟರ ಹೆಂಡತಿ ಚೀಲದಿಂದ ಎರಡು ಪ್ಯಾಂಟು ತೆಗೆದು, "ನಮ್ಮೆಜಮಾನ್ರದು, ಉದ್ದ ಆಗಿದೆ. ಸ್ವಲ್ಪ ಮಡಚಿ ಹೊಲಿದು ಕೊಡ್ತೀರಾ?" ಎಂದಳು. ಹೊಲಿದು ಕೊಟ್ಟೆ, ಅಕ್ಕ. ಗಡಿಬಿಡಿಯ ಮನೆಯಲ್ಲಿ ಆ ಬಣ್ಣದ ದಾರವೂ ಇರಲಿಲ್ಲ, ಸಿಕ್ಕ ಬಣ್ಣದ್ದರಲ್ಲೇ ಹೊಲಿದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಇಬ್ಬರೂ ಚೆನ್ನಾಗಿ ಓದಲಿ. ಅಂಗಡಿಯ ಮಿಷನ್ನುಗಳಿಗೆ ಎಣ್ಣೆ ಬಿಡಲು ಮರೆಯಬೇಡ.

ನಿನ್ನ ತಂಗಿ

ತಾ.ಕ.: ಪ್ಯಾಂಟು ತಂದವಳದ್ದು ತಪ್ಪಿಲ್ಲ. ಗಡಿಬಿಡಿಯೇ ಎಲ್ಲರಿಗೂ, "ಇವ್ರು ನಮ್ಮೂರಿನ ಟೈಲರು, ತುಂಬಾ ಒಳ್ಳೇವ್ರು" ಎಂದು ನನ್ನನ್ನು ಪರಿಚಯಿಸಿದ್ದಳು. ತಾನೂ ಹನ್ನೊಂದು ವರ್ಷ ನನ್ನ ಪಕ್ಕದ ಮಿಷನ್ ತುಳಿದವಳು ಎನ್ನಲಿಲ್ಲ. ಗೆಳತಿ ಅಂತಲೂ ಅನ್ನಲಿಲ್ಲ. ನಾನು ಇನ್ನು ಏನನ್ನೂ ಕೇಳುವುದಿಲ್ಲ. ಪೇಂಟರಿಗೆ ಒಂದೇ ಹೆಸರು ಬರೆಯಲು ಹೇಳು. ಕಾಗದ ಕೈಸೇರಿದ ದಿನವೇ ಹೇಳು. ತಡವಾದರೆ ನನ್ನ ಮನಸ್ಸು ಕರಗೀತು.