ಹಬ್ಬದ ರೊಟ್ಟಿಯ ಒಣ ಅಂಚು

ವಾಲ್ಯೆವೊ
ಡಿಸೆಂಬರ್ ೨೩

ಮಗಳಂತಿರುವ ಸೊಸೆ ರಾಡೋಯ್ಕಾಳಿಗೆ,

ದೇವರು ನಿನ್ನನ್ನೂ ನಿನ್ನ ತವರಿನವರನ್ನೂ ಕಾಯಲಿ. ಹಬ್ಬಕ್ಕೆ ನೀನು ಬಾರದಿದ್ದುದನ್ನು ನಾನು ತಪ್ಪೆಂದು ಎಣಿಸಿಲ್ಲ. ಕುಡಿತದ ಮನೆಯಲ್ಲಿ ನೀನು ಸಹಿಸಿದ್ದು ಸಾಕು. ಆದರೆ ನಿನ್ನ ಗಂಡ ಲ್ಯುಬಿಸಾವ್ ಕುಡಿತ ಬಿಡುವ ಚಿಕಿತ್ಸೆ ಮುಗಿಸಿ ಬಂದ ಮೇಲಿನ ಮೊದಲ ಹಬ್ಬ ಹೇಗೆ ನಡೆಯಿತೆಂದು ತಿಳಿಯುವ ಹಕ್ಕು ನಿನಗಿದೆ. ಹಿಂದಿರುಗುವುದೋ ಬೇಡವೋ ಎಂಬ ತೀರ್ಮಾನವೂ ನಿನ್ನದೇ.

ಈ ವರ್ಷ ನಿನ್ನ ಮಾವ ನಮ್ಮ ಮನೆತನವನ್ನು ಕಾಯುವ ಸಂತ ನಿಕೊಲಾನ ಹಬ್ಬದ ಯಜಮಾನಿಕೆಯನ್ನು ಮಗನಿಗೆ ಒಪ್ಪಿಸಿದರು. ತಾವೇ ಬಟ್ಟಿಯಿಳಿಸಿದ ಪ್ಲಮ್ ಬ್ರಾಂದಿಯನ್ನೆಲ್ಲ, "ಜನ ನಗ್ತಾರೆ ಕಣೇ" ಎಂದು ಗೊಣಗುತ್ತಲೇ ಮನೆಯಿಂದ ಸಾಗಿಸಿದರು. ನಾವು ಕುಡಿಯುತ್ತ ಕುಳಿತು ಅವನೊಬ್ಬನಿಗೆ ಬೇಡವೆನ್ನಬಾರದೆಂದು ವೈದ್ಯೆ ಹೇಳಿದ ಮಾತು ಅವರಿಗೆ ನಾಟಿತ್ತು. ಲ್ಯುಬಿಸಾವ್ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಚೆರ್ರಿ ಪಾನಕ ಕೊಟ್ಟ. ನೆರೆಮನೆಯ ತಾನಾಸ್ಕೊ ಲೋಟವನ್ನು ಮೂಸಿ, "ಏನಯ್ಯಾ ವುಕೊಮಾನ್, ಹಬ್ಬಕ್ಕೆ ಕರೆದ್ಯೋ, ಆಸ್ಪತ್ರೆಗೆ ಕರೆದ್ಯೋ?" ಎಂದ. "ಕುಡಿದ್ರೆ ನೀನು ಹಾಡ್ತೀಯಲ್ಲ, ಅದನ್ನ ತಡ್ಕೊಳ್ಳೋ ಶಕ್ತಿ ಈ ಸಲ ನಮಗಿಲ್ಲಪ್ಪ" ಎಂದರು ನಿನ್ನ ಮಾವ. ಮನೆಯೆಲ್ಲ ನಕ್ಕಿತು.

ಆದರೆ ಒಂದನ್ನು ನಾವು ಮರೆತೇಬಿಟ್ಟಿದ್ದೆವು. ಮನೆಯ ಮೂಲೆಮೂಲೆಯನ್ನೂ ಶೋಧಿಸಿದವರಿಗೆ ದೇವರ ವೈನು ಮದ್ಯವೆಂದು ತೋಚಿರಲೇ ಇಲ್ಲ. ಪಾದ್ರಿಗಳು ಹಬ್ಬದ ರೊಟ್ಟಿಯನ್ನು ಶಿಲುಬೆಯಾಕಾರಕ್ಕೆ ಕೊಯ್ದು, ಅದರ ಮೇಲೆ ವೈನು ಸುರಿದು, ಯಜಮಾನನು ಮುತ್ತಿಡಲೆಂದು ತುಟಿಯ ಬಳಿಗೆ ತಂದಾಗಲೇ ನನಗೆ ಅದು ಹೊಳೆದದ್ದು. ಲ್ಯುಬಿಸಾವ್ ಒಂದು ಹೆಜ್ಜೆ ಹಿಂದೆ ಸರಿದ. ನೆಂಟರಿಷ್ಟರು ತುಂಬಿದ್ದ ಕೋಣೆಯಲ್ಲಿ ಅವನು, "ಗುರುಗಳೇ, ನನ್ ಕೈಲಿ ಆಗಲ್ಲ. ಈ ವಾಸನೆಯೊಂದೇ ಸಾಕು ನನ್ನ ಕೆಡಿಸೋಕೆ" ಎಂದ.

ನಿನ್ನ ಮಾವ ಮುಂದೆ ಬಂದು ಮಗನ ಹೆಗಲ ಮೇಲೆ ಕೈಯಿಟ್ಟರು. ಒದ್ದೆಯಾದ ಕಡೆಗೆ ತಾವು ಮುತ್ತಿಟ್ಟು, ರೊಟ್ಟಿಯನ್ನು ತಿರುಗಿಸಿ, ಒಣ ಅಂಚನ್ನು ಅವನತ್ತ ಹಿಡಿದರು. ಅವನು ಅದಕ್ಕೆ ಮುತ್ತಿಟ್ಟ. ಪಾದ್ರಿಗಳು ಏನೂ ನಡೆದೇ ಇಲ್ಲವೆಂಬಂತೆ ಪ್ರಾರ್ಥನೆಯನ್ನು ಮುಂದುವರಿಸಿದರು. ಊಟಕ್ಕೆ ಕುಳಿತಾಗ ತಾನಾಸ್ಕೊ ಲೋಟ ಚಾಚಿ, "ಇನ್ನೊಂದಿಷ್ಟು ಔಷಧಿ ಹಾಕಪ್ಪ ಯಜಮಾನ" ಎಂದ.

ಮಗಳೇ, ಆ ದಿನ ನನ್ನ ಮಗನ ಮುಖದಲ್ಲಿ ಕಂಡ ಬೆಳಕನ್ನು ನೀನೂ ಕಾಣಬೇಕಿತ್ತು.

ನಿನ್ನ ಕ್ಷೇಮಕ್ಕಾಗಿ ದಿನವೂ ದೀಪ ಹಚ್ಚುವ
ಅತ್ತೆ ಸ್ತಮೆನಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನೀನು ಬೇಗ ಬರಲೆಂಬ ಆಸೆಯಿಂದ ಕಥೆಯನ್ನು ಹಬ್ಬದ ದಿನಕ್ಕೇ ನಿಲ್ಲಿಸಿದ್ದೆ. ಮರುದಿನ ಅವನು ಪೇಟೆಯಲ್ಲಿ ಕುಡಿದ. ಮನೆಗೆ ಬಂದು ತಾನಾಗಿಯೇ ಹೇಳಿದ. ನಿನ್ನ ಮಾವ ಬಯ್ಯಲಿಲ್ಲ. ಇಂದು ಬೆಳಿಗ್ಗೆ ಅವನ ಜೊತೆಯಲ್ಲೇ ವೈದ್ಯೆಯ ಬಳಿಗೆ ಹೋದರು. ಹೊರಡುವಾಗ ಅವನು ಈ ಕಾಗದವನ್ನು ನೋಡಿ, "ಅದನ್ನೂ ಬರಿಯಮ್ಮ. ಬರೋದಾದ್ರೆ ಅವಳು ತಿಳ್ಕೊಂಡೇ ಬರ್ಲಿ" ಎಂದ. ಬರೆದಿದ್ದೇನೆ.